ಕೆಸರು ಎಲ್ಲಿಗೆ ಹೋಗುತ್ತೆ? ಗಣಿ, ಕಡಲು ಮತ್ತು 10 ಕಿಲೋಮೀಟರಿನ ಒಂದು ವೃತ್ತ

ಅಂತರ ಕಾಲೇಜು ಚರ್ಚಾ ಸ್ಪರ್ಧೆಗಳಲ್ಲಿ ವರ್ಷಕ್ಕೊಂದು ಸಲವಾದರೂ ಬರುವ ವಿಷಯ ‘ಅಭಿವೃದ್ಧಿಯೋ, ಪರಿಸರವೋ’. ಪರವಾಗಿ ಮಾತಾಡುವವರು ಜಿಡಿಪಿ, ಉದ್ಯೋಗ ಅಂತಾರೆ. ವಿರೋಧವಾಗಿ ಮಾತಾಡುವವರು ಮುಂದಿನ ಪೀಳಿಗೆ, ಪ್ರಕೃತಿ ಮಾತೆ ಅಂತಾರೆ. ಕೊನೆಗೆ ಇಬ್ಬರೂ ‘ಎರಡೂ ಬೇಕು, ಸಮತೋಲನ ಬೇಕು’ ಅಂತ ಹೇಳಿ ವೇದಿಕೆಯಿಂದ ಇಳಿಯುತ್ತಾರೆ. ಚಪ್ಪಾಳೆ, ಸರ್ಟಿಫಿಕೇಟು, ಮುಗೀತು.

ಇಂಜಿನಿಯರಿಂಗ್ ಓದುವ ನಾವು ಇದಕ್ಕಿಂತ ಸ್ವಲ್ಪ ಚೆನ್ನಾಗಿ ಮಾತಾಡಬಹುದು ಅಂತ ನನಗನಿಸುತ್ತೆ. ಯಾಕಂದರೆ ನಮಗೆ ಒಂದು ಒಳ್ಳೆ ಅಭ್ಯಾಸ ಕಲಿಸಿದ್ದಾರೆ. ಲೆಕ್ಕ ಶುರು ಮಾಡುವ ಮೊದಲು ಚುಕ್ಕಿಗೆರೆಯಲ್ಲಿ ಒಂದು ಡಬ್ಬ ಬರೆಯುವುದು. ಥರ್ಮೋದಲ್ಲಿ ಅದು ಸಿಸ್ಟಮ್ ಬೌಂಡರಿ, ಫ್ಲೂಯಿಡ್ಸ್‌ನಲ್ಲಿ ಕಂಟ್ರೋಲ್ ವಾಲ್ಯೂಮ್. ಆ ಡಬ್ಬ ತಪ್ಪಾಗಿದ್ದರೆ ಮುಂದಿನ ಸಮೀಕರಣ ಎಷ್ಟೇ ಸರಿಯಿದ್ದರೂ ಉತ್ತರ ತಪ್ಪು. ಇಂಟರ್ನಲ್ಸ್‌ನಲ್ಲಿ ಹೀಗೆ ಮಾರ್ಕ್ಸ್ ಕಳೆದುಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಗಣಿ ಮತ್ತು ಕಡಲಿನ ಜಗಳವನ್ನು ಈ ಡಬ್ಬದ ಕಡೆಯಿಂದ ನೋಡೋಣ. ಉದಾಹರಣೆ ನಮ್ಮ ರಾಜ್ಯದ್ದೇ. ಒಂದು ತುದಿಯಲ್ಲಿ ಸಂಡೂರಿನ ಗುಡ್ಡ, ಇನ್ನೊಂದು ತುದಿಯಲ್ಲಿ ಅಂಕೋಲಾ-ಕುಮಟಾ ಕರಾವಳಿ.

ಗುಡ್ಡದಿಂದ ದಡಕ್ಕೆ

ಯಲಹಂಕದಿಂದ ಹೆಬ್ಬಾಳಕ್ಕೆ ಬಸ್ಸಿನಲ್ಲಿ ಬರುವವರು ಏರ್‌ಪೋರ್ಟ್ ಮೆಟ್ರೋಗೆ ಎದ್ದ ಕಂಬಗಳನ್ನು ದಿನಾ ನೋಡಿದ್ದೀರಿ. ಅವುಗಳ ಒಳಗಿರುವ ಕಂಬಿ, ಮೇಲಿನ ಗರ್ಡರು, ಹಳಿ ಎಲ್ಲ ಉಕ್ಕು. ಒಂದು ಟನ್ ಉಕ್ಕಿಗೆ ಹತ್ತಿರ ಹತ್ತಿರ 1.6 ಟನ್ ಕಬ್ಬಿಣದ ಅದಿರು ಬೇಕು. ಗಣಿಗಾರಿಕೆ ಅನ್ನೋದು ಎಲ್ಲೋ ದೂರದಲ್ಲಿ ಯಾರೋ ದುರಾಸೆಯವರು ಮಾಡುವ ಕೆಲಸ ಅಂತ ಅಂದುಕೊಂಡರೆ ನಾವೇ ನಮ್ಮನ್ನು ಡಬ್ಬದ ಹೊರಗೆ ಇಟ್ಟುಕೊಂಡ ಹಾಗೆ. ಮೆಟ್ರೋ ಹತ್ತುವವರೆಲ್ಲ ಒಳಗೇ ಇದ್ದೀವಿ.

ಬಳ್ಳಾರಿ ಭಾಗದ ಗಣಿ ಕತೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. 2013ರಲ್ಲಿ ಮತ್ತೆ ಅವಕಾಶ ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ. ವರ್ಷಕ್ಕೆ ಇಷ್ಟೇ ಅದಿರು ತೆಗೆಯಬೇಕು ಅನ್ನುವ ಮಿತಿ. ಆ ಮಿತಿ ಏರುತ್ತಾ ಬಂತು. 2022ರ ಆಗಸ್ಟ್‌ನಲ್ಲಿ ಬಳ್ಳಾರಿಗೆ 280 ಲಕ್ಷ ಟನ್‌ನಿಂದ 350 ಲಕ್ಷ ಟನ್‌ಗೆ, ಚಿತ್ರದುರ್ಗ-ತುಮಕೂರಿಗೆ 70ರಿಂದ 150 ಲಕ್ಷ ಟನ್‌ಗೆ ಏರಿತು. ಅದೇ ವರ್ಷ ಮೇ ತಿಂಗಳಲ್ಲಿ ರಫ್ತಿನ ನಿಷೇಧವೂ ಹೋಯಿತು.

ಅದಿರು ಅಂದರೆ ಹಡಗು, ಹಡಗು ಅಂದರೆ ಬಂದರು. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನ ಹೆಸರು ನಮಗೆಲ್ಲ ಗೊತ್ತಾಗಿದ್ದೇ ಅದಿರಿನಿಂದ. 2010ರ ಮಾರ್ಚ್‌ನಲ್ಲಿ ಅಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನು ಮುಟ್ಟುಗೋಲು ಹಾಕಿಕೊಂಡರು. ಆಮೇಲೆ ಅದರಲ್ಲಿ ಬಹುಪಾಲು ಮಾಯ! ಆಗ ರಾಜ್ಯದಲ್ಲಿ ನಡೆದ ಗಲಾಟೆಯನ್ನು ಹಳೆ ಪತ್ರಿಕೆಗಳಲ್ಲಿ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಮಾತೆಲ್ಲ ಟನ್ನು, ಪರ್ಮಿಟ್ಟು, ರಾಯಲ್ಟಿಯದು. ಕೆಂಪು ಧೂಳು ಬಿದ್ದ ದಡದ ಬಗ್ಗೆ, ನೀರಿನ ಬಗ್ಗೆ ಮಾತಾಡಿದವರು ಹೆಚ್ಚಾಗಿ ಅಲ್ಲಿನ ಮೀನುಗಾರರೇ.

ಬೇಲೆಕೇರಿಯಿಂದ ಸ್ವಲ್ಪ ದಕ್ಷಿಣಕ್ಕೆ ಕೇಣಿ. ಅಲ್ಲೀಗ ಆಳ ನೀರಿನ ಬಂದರಿನ ಯೋಜನೆ ಇದೆ. 2023ರ ನವೆಂಬರ್‌ನಲ್ಲಿ ಕರ್ನಾಟಕ ಜಲಸಾರಿಗೆ ಮಂಡಳಿ ಇದನ್ನು ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್‌ಗೆ ವಹಿಸಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ, ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 300 ಲಕ್ಷ ಟನ್. ಉತ್ತರ ಕರ್ನಾಟಕದ ಉಕ್ಕು ಉದ್ಯಮಕ್ಕೆ ಹತ್ತಿರದ ದೊಡ್ಡ ಬಂದರಾಗಬೇಕು ಅನ್ನೋದು ಲೆಕ್ಕ. 2025ರಲ್ಲಿ ಅಂಕೋಲಾದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆದಾಗ ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಬಂದು ಬೇಡ ಅಂದರು.

ಯಾರು ಸರಿ? ಇಲ್ಲೇ ಚರ್ಚಾಸ್ಪರ್ಧೆಗೆ ಜಾರಿಬಿಡಬಾರದು. ಮೊದಲು ಡಬ್ಬ.

ಸ್ಟೋಕ್ಸ್ ಮಹಾಶಯರ ಸಹಾಯ

ನಮ್ಮಲ್ಲಿ ಯಾವುದೇ ದೊಡ್ಡ ಯೋಜನೆಗೆ 2006ರ ಅಧಿಸೂಚನೆ ಪ್ರಕಾರ ಪರಿಸರ ಪರಿಣಾಮ ಅಂದಾಜು ವರದಿ, ಅಂದರೆ ಇಐಎ, ಬರೆಸಬೇಕು. ಆ ವರದಿಗಳಲ್ಲಿ ಅಧ್ಯಯನ ಪ್ರದೇಶ ಅಂತ ಸಾಮಾನ್ಯವಾಗಿ ತೆಗೆದುಕೊಳ್ಳುವುದು ಯೋಜನೆ ಸ್ಥಳದ ಸುತ್ತ 10 ಕಿ.ಮೀ. ತ್ರಿಜ್ಯದ ವೃತ್ತ. ಮಾಹಿತಿ ಕಲೆಹಾಕುವುದು ಸಾಮಾನ್ಯವಾಗಿ ಒಂದು ಋತುವಿನಲ್ಲಿ, ಅದೂ ಮಳೆಗಾಲ ಬಿಟ್ಟು. ಕೈವಾರ ಇಟ್ಟು ಎಳೆದ ಹಾಗೆ ಒಂದು ವೃತ್ತ, ಕ್ಯಾಲೆಂಡರಿನಲ್ಲಿ ಮೂರು ತಿಂಗಳು. ಇದೇ ನಮ್ಮ ಚುಕ್ಕಿಗೆರೆಯ ಡಬ್ಬ.

ಒಂದು ಕಾರ್ಖಾನೆಗೆ ಈ ಡಬ್ಬ ಸಾಕಾಗಬಹುದು. ಕಡಲಿಗೆ ಸಾಕಾ? ಲೆಕ್ಕ ಹಾಕಿಯೇ ನೋಡೋಣ.

1.8 ಲಕ್ಷ ಟನ್ ಹೊರುವ ಅದಿರಿನ ಹಡಗು ತುಂಬಿದಾಗ ಸುಮಾರು 18 ಮೀಟರ್ ನೀರೊಳಗೆ ಇಳಿದಿರುತ್ತೆ. ಉತ್ತರ ಕನ್ನಡದ ಕಡಲತಳ ದಡದಿಂದ ತುಂಬಾ ನಿಧಾನವಾಗಿ ಇಳಿಯುವಂಥದ್ದು. ಹಾಗಾಗಿ ಅಂಥ ಹಡಗು ಬರಬೇಕಾದರೆ ಕಡಲತಳದಲ್ಲಿ ಕಾಲುವೆ ತೋಡಬೇಕು, ಅಂದರೆ ಡ್ರೆಜಿಂಗ್. ಉದಾಹರಣೆಗೆ ಅಂತ ಒಂದು ಕಾಲುವೆ ಊಹಿಸಿಕೊಳ್ಳಿ: ಉದ್ದ 5 ಕಿ.ಮೀ., ಅಗಲ 250 ಮೀಟರ್, ಸರಾಸರಿ 8 ಮೀಟರ್ ಅಗೆತ. ಗುಣಿಸಿದರೆ 1 ಕೋಟಿ ಘನ ಮೀಟರ್. ನಮ್ಮ ಬಳ್ಳಾರಿ ರೋಡಿನಲ್ಲಿ ಎಂ-ಸ್ಯಾಂಡ್ ಹೊತ್ತು ಓಡಾಡುವ ದೊಡ್ಡ ಟಿಪ್ಪರಿಗೆ 15 ಘನ ಮೀಟರ್ ಅಂತ ಹಿಡಿದರೆ ಆರೂವರೆ ಲಕ್ಷ ಲೋಡು ದಾಟುತ್ತೆ. ಇದು ಒಂದು ಸಲದ್ದು. ಕಾಲುವೆಗೆ ಹೂಳು ತುಂಬುತ್ತಲೇ ಇರುವುದರಿಂದ ವರ್ಷಾವರ್ಷ ಮತ್ತೆ ತೋಡುತ್ತಿರಬೇಕು.

ತೋಡಿದಾಗ ಎಲ್ಲ ಮಣ್ಣೂ ಯಂತ್ರದೊಳಗೆ ಹೋಗಲ್ಲ. ಒಂದು ಪಾಲು ನೀರಿನಲ್ಲಿ ಕದಡುತ್ತೆ. ಕದಡಿದ ಕಣ ಎಷ್ಟು ಹೊತ್ತಿಗೆ ತಳ ಮುಟ್ಟುತ್ತೆ? ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿ ಪರೀಕ್ಷೆ ಮುಗಿದ ದಿನ ಮರೆತ ಸ್ಟೋಕ್ಸ್ ನಿಯಮ ಇಲ್ಲಿ ಬೇಕು. ಕಣದ ಮತ್ತು ನೀರಿನ ಸಾಂದ್ರತೆಯ ವ್ಯತ್ಯಾಸವನ್ನು ಗುರುತ್ವದಿಂದ, ವ್ಯಾಸದ ವರ್ಗದಿಂದ ಗುಣಿಸಿ, ಸ್ನಿಗ್ಧತೆಯ 18 ಪಟ್ಟಿನಿಂದ ಭಾಗಿಸಿದರೆ ಬೀಳುವ ವೇಗ ಸಿಗುತ್ತೆ. ಮುಖ್ಯ ವಿಷಯ ಆ ‘ವರ್ಗ’. ಕಣ ಹತ್ತು ಪಟ್ಟು ಚಿಕ್ಕದಾದರೆ ವೇಗ ನೂರು ಪಟ್ಟು ಕಡಿಮೆ.

ಮೊದಲು 200 ಮೈಕ್ರಾನಿನ ಮರಳು. ಇದಕ್ಕೆ ಸ್ಟೋಕ್ಸ್ ಪೂರ್ತಿ ಒಗ್ಗಲ್ಲ, ಕಣ ದೊಡ್ಡದಾಯಿತು. ಪ್ರಯೋಗದಲ್ಲಿ ಸಿಗುವ ವೇಗ ಸೆಕೆಂಡಿಗೆ ಸುಮಾರು 2 ಸೆಂ.ಮೀ. 20 ಮೀಟರ್ ಆಳಕ್ಕೆ ಕಾಲು ಗಂಟೆಯ ಆಸುಪಾಸು. ಪ್ರವಾಹ ಸೆಕೆಂಡಿಗೆ 20 ಸೆಂ.ಮೀ. ಇದ್ದರೆ ಅಷ್ಟರಲ್ಲಿ 200 ಮೀಟರ್ ಹೋಗುತ್ತೆ. ತೊಂದರೆ ಇಲ್ಲ, ವೃತ್ತದ ಒಳಗೇ ಇದೆ.

ಈಗ 10 ಮೈಕ್ರಾನಿನ ಹೂಳು. ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 1,625 ಕೆ.ಜಿ. ಇಟ್ಟುಕೊಂಡು ಹಾಕಿ. ವೇಗ ಸೆಕೆಂಡಿಗೆ 0.09 ಮಿಲಿಮೀಟರ್ ಬರುತ್ತೆ. ಅದೇ 20 ಮೀಟರ್ ಇಳಿಯಲು ಸುಮಾರು ಎರಡೂವರೆ ದಿನ. ಅದೇ ಪ್ರವಾಹದಲ್ಲಿ ಅಷ್ಟು ದಿನಕ್ಕೆ 45 ಕಿ.ಮೀ. ಇನ್ನು 2 ಮೈಕ್ರಾನಿನ ಜೇಡಿ ಕಣ ಇದರ 25 ಪಟ್ಟು ನಿಧಾನ, ಎರಡು ತಿಂಗಳು.

ಇದು ಗರಿಷ್ಠದ ಕಡೆಯ ಅಂದಾಜು ಅಂತ ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಉಬ್ಬರ-ಇಳಿತದಲ್ಲಿ ನೀರು ಹಿಂದೆ ಮುಂದೆ ಆಡುತ್ತೆ, 45 ಕಿ.ಮೀ. ಒಂದೇ ದಿಕ್ಕಿಗೆ ನೇರ ಹೋಗಲ್ಲ. ಉಪ್ಪುನೀರಿನಲ್ಲಿ ಜೇಡಿ ಕಣಗಳು ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತವೆ, ಆಗ ಬೇಗ ಬೀಳುತ್ತವೆ. ಇನ್ನೊಂದು ಕಡೆ ಅಲೆ ಇದ್ದರೆ ಬಿದ್ದದ್ದು ಮತ್ತೆ ಎದ್ದು ಹೊರಡುತ್ತೆ. ಅದೇನೇ ಇದ್ದರೂ 200 ಮೀಟರ್ ಎಲ್ಲಿ, ಹತ್ತಾರು ಕಿಲೋಮೀಟರ್ ಎಲ್ಲಿ. ಕಣದ ಗಾತ್ರ ನೋಡದೆ ಕೈವಾರದಲ್ಲಿ ಎಳೆದ ವೃತ್ತಕ್ಕೆ ಭೌತಶಾಸ್ತ್ರದ ಆಧಾರ ಇಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಹೂಳು ಗೆರೆ ದಾಟುತ್ತೆ ಅನ್ನೋದು ಕರ್ನಾಟಕಕ್ಕೆ ಹೊಸ ವಿಷಯವೂ ಅಲ್ಲ. ಕುದುರೆಮುಖದಲ್ಲಿ ಗಣಿ ಇದ್ದಾಗ ಮಳೆಗಾಲದಲ್ಲಿ ಭದ್ರಾ ನದಿಗೆ ಬರುತ್ತಿದ್ದ ಹೂಳಿನ ದೊಡ್ಡ ಪಾಲು, ಜಲಾನಯನದಲ್ಲಿ ಸಣ್ಣ ಜಾಗ ಮಾತ್ರ ಹಿಡಿದಿದ್ದ ಗಣಿಯಿಂದ ಬರುತ್ತಿತ್ತು. 2002ರ ಅಕ್ಟೋಬರ್ 30ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2005ರ ಡಿಸೆಂಬರ್ 31ಕ್ಕೆ ಆ ಗಣಿ ನಿಂತಿತು. ಅಲ್ಲಿ ಗೆರೆ ದಾಟಿದ್ದು ನದಿಯಲ್ಲಿ, ಒಂದೇ ದಿಕ್ಕಿಗೆ. ಕಡಲಿನಲ್ಲಿ ದಿಕ್ಕೂ ಬದಲಾಗುತ್ತೆ. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತೆ, ಚಳಿಗಾಲದಲ್ಲಿ ಉತ್ತರಕ್ಕೆ. ಒಂದೇ ಋತುವಿನಲ್ಲಿ ಅಳೆದವರಿಗೆ ಸಿಗುವುದು ಅರ್ಧ ಕತೆ.

ಗೆರೆಯ ಆಚೆ ಏನಿದೆ

ಕೇಣಿಯಿಂದ ದಕ್ಷಿಣಕ್ಕೆ ಹೋಗಿ. ಮೊದಲು ಗಂಗಾವಳಿ ನದಿಯ ಅಳಿವೆ ಸಿಗುತ್ತೆ, ಆಮೇಲೆ ಗೋಕರ್ಣ, ಅದು ದಾಟಿದರೆ ತದಡಿ. ಅಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತೆ. ನೇರ ಗೆರೆಯಲ್ಲಿ ಇದು 20 ಕಿಲೋಮೀಟರಿಗಿಂತ ಕಡಿಮೆ, ಆದರೆ 10ಕ್ಕಿಂತ ಹೆಚ್ಚು. ವಾಡಿಕೆಯ ವೃತ್ತ ಎಳೆದರೆ ಇದು ಆಚೆ ಉಳಿಯುತ್ತೆ. ಯಾವುದೋ ಒಂದು ವರದಿಯ ವಿಮರ್ಶೆ ಅಂತ ಇದನ್ನು ಓದಬೇಡಿ, ವಾಡಿಕೆಯ ಬಗ್ಗೆ ಹೇಳುತ್ತಿದ್ದೇನೆ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟು ಇಲ್ಲ. ಹಾಗಾಗಿ ಘಟ್ಟದಿಂದ ಬರುವ ಸಿಹಿನೀರು ಮತ್ತು ಕಡಲಿನ ಉಪ್ಪುನೀರು ಸೇರುವ ಆಟ ಇಲ್ಲಿ ಹಳೆ ಲಯದಲ್ಲೇ ನಡೆಯುತ್ತೆ. ಮಳೆಗಾಲದಲ್ಲಿ ಅಳಿವೆ ಹೆಚ್ಚುಕಡಿಮೆ ಸಿಹಿ, ಬೇಸಿಗೆಯಲ್ಲಿ ಉಪ್ಪು. ಈ ಲಯವನ್ನೇ ನಂಬಿ ಒಂದು ಇಡೀ ಬದುಕು ಕಟ್ಟಿಕೊಂಡಿದ್ದಾರೆ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ, ಅದರ ಕೊಯ್ಲು ಆದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳು. ದಡದುದ್ದಕ್ಕೂ ಕಾಂಡ್ಲಾ ಗಿಡಗಳು. 2024ರ ಜನವರಿ ಕೊನೆಯಲ್ಲಿ 4,801 ಹೆಕ್ಟೇರಿನ ಈ ಅಳಿವೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಮಾಗಡಿ ಕೆರೆ, ಅಂಕಸಮುದ್ರ ಕೂಡ ಅದೇ ಸಲ ಸೇರಿದವು.

ನನಗೆ ಇಲ್ಲಿ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಚಿಪ್ಪಿಕಲ್ಲು. ಅಲ್ಲಿಯವರು ಬಳಚು ಅಂತಾರೆ. ನೀರಿಳಿದಾಗ ಹೆಂಗಸರು, ಗಂಡಸರು ಅಳಿವೆಯ ಕೆಸರಿಗೆ ಇಳಿದು ಹೆಕ್ಕುತ್ತಾರೆ. ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಕುಮಟಾದಲ್ಲಿ ಒಂದು ಕ್ಷೇತ್ರ ಕೇಂದ್ರ ಇದೆ. ಅಲ್ಲಿನವರು ಸುಮಾರು 2008ರಲ್ಲಿ ಈ ಚಿಪ್ಪಿಕಲ್ಲಿನ ಲೆಕ್ಕ ಹಾಕಿದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಬೆಲೆ ಸುಮಾರು 5.8 ಕೋಟಿ ರೂಪಾಯಿ, ಸುಮಾರು 2,300 ಜನಕ್ಕೆ ನೇರ ಕೆಲಸ. ಡೀಸೆಲ್ ಇಲ್ಲ, ಸಾಲ ಇಲ್ಲ, ದೊಡ್ಡ ದೋಣಿಯೂ ಬೇಡ.

ಚಿಪ್ಪಿಕಲ್ಲು ಬದುಕುವುದು ನೀರು ಸೋಸಿ. ನೀರನ್ನು ಒಳಗೆಳೆದು, ಕಿವಿರಿನಲ್ಲಿ ಸೋಸಿ, ಸಿಕ್ಕ ಸೂಕ್ಷ್ಮ ಸಸ್ಯಗಳನ್ನು ತಿಂದು, ನೀರನ್ನು ಹೊರಗೆ ಬಿಡುತ್ತೆ. ಲ್ಯಾಬಿನ ಫಿಲ್ಟರ್ ಪೇಪರ್ ನೆನಪಿಸಿಕೊಳ್ಳಿ. ನುಣುಪು ಕೆಸರು ಜಾಸ್ತಿಯಾದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಾಗಿಲ್ಲ. ಬಂಗಡೆ, ಬೂತಾಯಿಗೆ ನೀರು ಹಿಡಿಸದಿದ್ದರೆ ಬೇರೆ ಕಡೆ ಹೋಗುತ್ತವೆ. ಬಳಚು ಹೋಗಲ್ಲ. ಮೇಲೆ ಕೆಲವು ಸೆಂಟಿಮೀಟರ್ ಹೂಳು ಬಿದ್ದರೆ ಅಲ್ಲೇ ಸಮಾಧಿ.

ಹೊರಗಿನ ಯೋಜನೆಗಳು ಈ ಅಳಿವೆಗೆ ಹೊಸದಲ್ಲ. ತದಡಿಯಲ್ಲಿ ಬಂದರು, 4,000 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ, ಹೀಗೆ ಒಂದಾದ ಮೇಲೆ ಒಂದು ಪ್ರಸ್ತಾಪ ಬಂತು, ಜನ ವಿರೋಧಿಸಿದರು. ಗಣಿಗಾರಿಕೆಯೂ ಇಲ್ಲಿ ಒಳಗೇ ಇತ್ತು. ಕೆಸರಿನಡಿ ಪದರಗಟ್ಟಿದ ಸತ್ತ ಚಿಪ್ಪು ಒಳ್ಳೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟರೆ ಸುಣ್ಣ. ‘ಸತ್ತ ಚಿಪ್ಪು ತಾನೇ, ತೆಗೆದರೆ ಯಾರಿಗೇನು ನಷ್ಟ’ ಅನ್ನೋದು ಕೇಳೋಕೆ ಸರಿ. ಆದರೆ ಜೀವಂತ ಚಿಪ್ಪಿಕಲ್ಲು ಕೂತಿರುವುದು ಅದೇ ತಳದ ಮೇಲೆ.

300 ಕೋಟಿ, 5.8 ಕೋಟಿ

ಈಗ ತಕ್ಕಡಿಗೆ ಬರೋಣ. ಯಾವುದೋ ಬಂದರು ವರ್ಷಕ್ಕೆ 300 ಲಕ್ಷ ಟನ್ ಸಾಗಿಸುತ್ತೆ, ಟನ್ನಿಗೆ ಬರೀ 100 ರೂಪಾಯಿ ಸಿಗುತ್ತೆ ಅಂತ ಊಹಿಸಿ. 300 ಕೋಟಿ. ಇನ್ನೊಂದು ತಟ್ಟೆಯಲ್ಲಿ 5.8 ಕೋಟಿ. ಬೆಲೆ ಏರಿಕೆ ಸೇರಿಸಿ ಮೂರು ಪಟ್ಟು ಮಾಡಿದರೂ 17, 18 ಕೋಟಿ. ಕಡಲಿನ ಕಡೆ ವಾದ ಮಾಡುವವರು ಇದನ್ನು ಎದುರಿಸದೆ ತಪ್ಪಿಸಿಕೊಳ್ಳುತ್ತಾರೆ, ಅದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ರೂಪಾಯಿಯಲ್ಲೇ ತೂಗಿದರೆ ಚಿಪ್ಪಿಕಲ್ಲು ಸೋಲುತ್ತೆ, ಪ್ರತಿ ಸಲವೂ ಸೋಲುತ್ತೆ. ಮೀನು, ಸಿಗಡಿ, ಕಗ್ಗ, ಉಪ್ಪು ಎಲ್ಲ ಕೂಡಿಸಿದರೂ ಬಹುಶಃ ಸೋಲುತ್ತೆ.

ಎಂಜಿನಿಯರಿಂಗ್ ಎಕನಾಮಿಕ್ಸ್ ಓದಿದವರಿಗೆ ಸೋಲಿನ ಇನ್ನೊಂದು ಕಾರಣ ಗೊತ್ತು, ಡಿಸ್ಕೌಂಟ್ ರೇಟ್. 50 ವರ್ಷದ ಆಚೆ ಸಿಗುವ 100 ರೂಪಾಯಿಯ ಚಿಪ್ಪಿಕಲ್ಲಿಗೆ ಇವತ್ತಿನ ಬೆಲೆ ಶೇ. 10ರ ದರದಲ್ಲಿ 85 ಪೈಸೆ. ದರ ಶೇ. 3 ಅಂದರೆ 22 ರೂಪಾಯಿ 80 ಪೈಸೆ. ಅದೇ ಅಳಿವೆ, ಅದೇ ಬಳಚು. ಸ್ಪ್ರೆಡ್‌ಶೀಟಿನ ಒಂದು ಸೆಲ್ ಬದಲಾಯಿಸಿದ್ದಕ್ಕೆ 27 ಪಟ್ಟು ವ್ಯತ್ಯಾಸ. ಇಂಥ ತಕ್ಕಡಿಯ ಮೇಲೆ ಎಷ್ಟು ನಂಬಿಕೆ ಇಡೋದು?

ಆಪ್ಟಿಮೈಸೇಷನ್‌ನಲ್ಲಿ ಇದಕ್ಕೆ ಬೇರೆ ದಾರಿ ಇದೆ. ಎಲ್ಲವನ್ನೂ ಆಬ್ಜೆಕ್ಟಿವ್ ಫಂಕ್ಷನ್ ಒಳಗೆ ತುಂಬಬೇಕಾಗಿಲ್ಲ. ಕೆಲವನ್ನು ಕನ್ಸ್‌ಟ್ರೇಂಟ್ ಮಾಡಬಹುದು. ಸೇತುವೆ ಡಿಸೈನ್ ಮಾಡುವಾಗ ‘ಬೀಳದೇ ಇರುವುದರ ಬೆಲೆ ಎಷ್ಟು’ ಅಂತ ಯಾರೂ ಕೇಳಲ್ಲ. ಕಂಬಿ ಇಷ್ಟು ಒತ್ತಡ ದಾಟಬಾರದು, ಅದರೊಳಗೆ ಖರ್ಚು ಎಷ್ಟು ಇಳಿಸಬಹುದೋ ಇಳಿಸು ಅಂತೀವಿ. ಮತ್ತೆ ಕಟ್ಟಲು ಆಗದ್ದನ್ನು ಹೀಗೆ ಮಿತಿಯ ಕಡೆ ಇಡಬೇಕು, ಬೆಲೆಯ ಕಡೆ ಅಲ್ಲ.

ಇದು ನನ್ನ ಕನಸಲ್ಲ, ಕರ್ನಾಟಕದಲ್ಲೇ ಮಾಡಿದ್ದಾರೆ. ಬಳ್ಳಾರಿಗೆ ಸುಪ್ರೀಂ ಕೋರ್ಟ್ ಹಾಕಿದ ವಾರ್ಷಿಕ ಮಿತಿ ಇಂಥದ್ದೇ ಒಂದು ಕನ್ಸ್‌ಟ್ರೇಂಟ್. ಅಷ್ಟರೊಳಗೆ ಗಣಿಗಳು ನಡೆದವು, ಉಕ್ಕಿನ ಕಾರ್ಖಾನೆಗಳೂ ಮುಚ್ಚಿಹೋಗಲಿಲ್ಲ. ಆದರೆ ಅದಕ್ಕೂ ಒಂದು ಡಬ್ಬ ಇತ್ತು. ಆ ಮಿತಿಯ ಹಿಂದೆ ಇದ್ದ ಭಾರತೀಯ ಅರಣ್ಯ ಸಂಶೋಧನಾ ಮತ್ತು ಶಿಕ್ಷಣ ಮಂಡಳಿಯ ಅಧ್ಯಯನ ಬಳ್ಳಾರಿ ಜಿಲ್ಲೆಯ ಮಟ್ಟದ್ದು. ಆಮೇಲೆ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಅಂತ ಕೂಡಿಟ್ಟ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ. ಅದಿರು ಕಡಲವರೆಗೆ ಹೋಯಿತು. ಮಿತಿ, ಹಣ ಎರಡೂ ಜಿಲ್ಲೆಯ ಗಡಿಯಲ್ಲಿ ನಿಂತವು. ಉತ್ತರ ಕನ್ನಡ ಆ ಪಟ್ಟಿಯಲ್ಲಿ ಇಲ್ಲ.

ಗಣಿಯೇ ನೀರಿಗಿಳಿದರೆ

ಇಲ್ಲಿಯವರೆಗೆ ಹೇಳಿದ್ದು ನೆಲದ ಗಣಿ ಕಡಲಿಗೆ ಚಾಚುವ ಕೈ. ಈಗ ಗಣಿಯೇ ಕಡಲಿಗೆ ಹೊರಟಿದೆ. ಕಡಲಾಚೆಯ ಖನಿಜಗಳ ಕಾಯ್ದೆ 2002ರದ್ದು. 2023ರಲ್ಲಿ ತಿದ್ದುಪಡಿ ಮಾಡಿ ಹರಾಜಿಗೆ ದಾರಿ ಮಾಡಿದರು, ಉತ್ಪಾದನಾ ಗುತ್ತಿಗೆ 50 ವರ್ಷಕ್ಕೆ. (ಮೇಲಿನ 85 ಪೈಸೆ ನೆನಪಿದೆಯಲ್ಲ?) 2024ರ ನವೆಂಬರ್ 28ರಂದು ಮೊದಲ ಕಂತಿನಲ್ಲಿ 13 ಬ್ಲಾಕ್‌ಗಳ ಹರಾಜು ಪ್ರಕ್ರಿಯೆ ಶುರುವಾಯಿತು. ಗುಜರಾತಿನಾಚೆ 3 ಸುಣ್ಣಕೆಸರಿನ ಬ್ಲಾಕ್, ಕೇರಳದ ಕೊಲ್ಲಂ ಆಚೆ 3 ಕಟ್ಟಡ ಮರಳಿನ ಬ್ಲಾಕ್, ಗ್ರೇಟ್ ನಿಕೋಬಾರ್ ಆಚೆ 7 ಬಹುಲೋಹದ ಬ್ಲಾಕ್. ಇಂಥ ನಿಕ್ಷೇಪಗಳನ್ನು ಹುಡುಕುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಕಡಲ ವಿಭಾಗದ ಕೇಂದ್ರ ಇರುವುದು ಮಂಗಳೂರಿನಲ್ಲಿ. ಇವತ್ತು ಕೊಲ್ಲಂ ಮರಳು, ನಾಳೆ ಬೇರೆ ಕರಾವಳಿ.

ಕೊಲ್ಲಂ ವಿಷಯದಲ್ಲಿ ಎರಡೂ ಕಡೆ ತೂಕ ಇದೆ. ನದಿ ಮರಳು ತೆಗೆದು ತೆಗೆದು ನಮ್ಮ ನದಿಗಳು ಏನಾಗಿವೆ ಅಂತ ಗೊತ್ತು. ಎಂ-ಸ್ಯಾಂಡ್‌ಗೆ ಅಂತ ಚಿಕ್ಕಬಳ್ಳಾಪುರದ ಬೆಟ್ಟಗಳು ಕರಗುವುದನ್ನು ಯಲಹಂಕದವರು ಕಣ್ಣಾರೆ ನೋಡಿದ್ದೀವಿ. ಕಡಲ ಮರಳು ಸಿಕ್ಕರೆ ಅದರ ಮೇಲಿನ ಒತ್ತಡ ಇಳಿಯುತ್ತಲ್ಲ ಅನ್ನೋದು ತಳ್ಳಿಹಾಕುವ ಮಾತಲ್ಲ. ಆದರೆ ಆ ಬ್ಲಾಕ್‌ಗಳು ಇರುವುದು ‘ಕೊಲ್ಲಂ ಪರಪ್ಪು’ ಅನ್ನುವ, ಕೇರಳದ ತುಂಬಾ ಸಮೃದ್ಧವಾದ ಮೀನು-ಸಿಗಡಿ ನೆಲದ ಭಾಗದಲ್ಲಿ. 2025ರ ಫೆಬ್ರವರಿಯಲ್ಲಿ ಅಲ್ಲಿನ ಮೀನುಗಾರರು 24 ಗಂಟೆ ಕರಾವಳಿ ಬಂದ್ ಮಾಡಿದರು, ಮಾರ್ಚ್‌ನಲ್ಲಿ ವಿಧಾನಸಭೆ ವಿರೋಧದ ನಿರ್ಣಯ ಮಾಡಿತು. ಬ್ಲಾಕ್‌ಗಳು 12 ನಾಟಿಕಲ್ ಮೈಲಿಯ ಆಚೆ ಇರುವುದರಿಂದ ರಾಯಲ್ಟಿ ಕೇಂದ್ರಕ್ಕೆ. ಇಲ್ಲೂ ಗೆರೆ ನೋಡಿ. ಕಾನೂನಿನ ಗೆರೆ 22 ಕಿ.ಮೀ.ಗೆ ನಿಂತಿದೆ, ಸಿಗಡಿ ನಿಂತಿಲ್ಲ. ಹೂಳೂ ನಿಲ್ಲಲ್ಲ. 50 ಮೀಟರ್ ಆಳದ ನೀರಿಗೆ ನಮ್ಮ 10 ಮೈಕ್ರಾನಿನ ಲೆಕ್ಕ ಮತ್ತೆ ಹಾಕಿ, ಆರೂವರೆ ದಿನ ಬರುತ್ತೆ.

ಇನ್ನೂ ಆಳದ ಕತೆ ಬಹುಲೋಹದ ಗಂಟುಗಳದ್ದು. ಆಲೂಗಡ್ಡೆ ಗಾತ್ರದ ಕಪ್ಪು ಉಂಡೆಗಳು. ಮ್ಯಾಂಗನೀಸ್, ನಿಕಲ್, ತಾಮ್ರ, ಕೋಬಾಲ್ಟ್ ಇರುತ್ತೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಗವೇಷಣಿ’ ಹಡಗು 1981ರ ಜನವರಿ 26ರಂದು ಅರಬ್ಬಿ ಸಮುದ್ರದಿಂದ ಮೊದಲ ಗಂಟನ್ನು ಮೇಲೆತ್ತಿತ್ತು. ಈಗ ಮಧ್ಯ ಹಿಂದೂ ಮಹಾಸಾಗರದಲ್ಲಿ 75 ಸಾವಿರ ಚದರ ಕಿ.ಮೀ. ಅನ್ವೇಷಣೆಗೆ ಭಾರತಕ್ಕೆ ಹಕ್ಕಿದೆ, ಅಂದಾಜು ನಿಕ್ಷೇಪ 38 ಕೋಟಿ ಟನ್. ಗಂಟು ಬೆಳೆಯುವ ವೇಗ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. 1989ರಲ್ಲಿ ಪೆರು ದೇಶದಾಚೆಯ ಆಳ ಕಡಲಿನಲ್ಲಿ ಜರ್ಮನ್ ವಿಜ್ಞಾನಿಗಳು ತಳವನ್ನು ಉತ್ತ ಹಾಗೆ ಕೆರೆದು ನೋಡಿದ್ದರು. 26 ವರ್ಷದ ನಂತರ ಹೋಗಿ ನೋಡಿದಾಗ ಕೆರೆದ ಗೆರೆಗಳು ಹಾಗೇ ಇದ್ದವು. ಇವಿ ಬ್ಯಾಟರಿಗೆ ಬೇಕು ಅನ್ನೋದು ಇದರ ಪರವಾದ ದೊಡ್ಡ ವಾದ. ನಮ್ಮ ಇಲೆಕ್ಟ್ರಿಕಲ್ ವಿಭಾಗದವರಿಗೆ ಗೊತ್ತು, ಎಲ್‌ಎಫ್‌ಪಿ ಬ್ಯಾಟರಿಗೆ ನಿಕಲ್ಲೂ ಬೇಡ, ಕೋಬಾಲ್ಟೂ ಬೇಡ. ‘ಬೇಡಿಕೆ’ ಅನ್ನೋದನ್ನೂ ಬದಲಾಗದ ಸಂಖ್ಯೆ ಅಂತ ಡಬ್ಬದ ಹೊರಗೆ ಇಡಬಾರದು.

ಹಾಗಾದರೆ ಗಣಿ ಬೇಡವಾ?

ನಾನು ಹಾಗೆ ಹೇಳಲ್ಲ. ಮೆಟ್ರೋದಲ್ಲಿ ಕೂತು ಹಾಗೆ ಹೇಳೋಕೆ ನನಗೆ ನಾಚಿಕೆ. ನಾನು ಕೇಳೋದು ಲೆಕ್ಕದ ಕ್ರಮ ಬದಲಾಗಲಿ ಅಂತ. ಮೊದಲು ತಳದ ಮಣ್ಣಿನ ಕಣದ ಗಾತ್ರ ಅಳೆಯಲಿ, ಪ್ರವಾಹವನ್ನು ಮಳೆಗಾಲವೂ ಸೇರಿ ಪೂರ್ತಿ ಒಂದು ವರ್ಷ ಅಳೆಯಲಿ. ಆಮೇಲೆ ಹೂಳು ಎಲ್ಲಿವರೆಗೆ ಹೋಗುತ್ತೆ ಅಂತ ಮಾಡೆಲ್ ಹಾಕಲಿ. ಅಧ್ಯಯನದ ಗೆರೆ ಅಲ್ಲಿ ಬರಲಿ, ಅದು 6 ಕಿ.ಮೀ. ಆದರೂ ಸರಿ, 60 ಆದರೂ ಸರಿ. ಆ ಗೆರೆಯೊಳಗೆ ಮತ್ತೆ ಕಟ್ಟಲಾಗದ್ದು ಏನಾದರೂ ಇದ್ದರೆ, ಉದಾಹರಣೆಗೆ ಒಂದು ಬಳಚಿನ ತಳ, ನೀರಿನ ಕದಡು ಇಷ್ಟು ದಾಟಬಾರದು ಅಂತ ಮಿತಿ ಇಡಲಿ. ಮಿತಿ ದಾಟಿದ ದಿನ ಡ್ರೆಜರ್ ನಿಲ್ಲಲಿ. ಮೀನು ಮರಿ ಮಾಡುವ ಕಾಲ ಅಂತ ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲೇ ಕೂರುತ್ತವೆ. ಮೀನುಗಾರರಿಗೆ ಹಾಕಿದ ಶಿಸ್ತು ಯಂತ್ರಕ್ಕೂ ಇರಲಿ ಅನ್ನೋದು ಅತಿ ಆಸೆಯಲ್ಲ.

ಇದಕ್ಕೆ ಬೆಲೆ ತೆರಬೇಕಾಗುತ್ತೆ, ಅದನ್ನೂ ಹೇಳಿಬಿಡಬೇಕು. ಯೋಜನೆ ತಡವಾಗುತ್ತೆ, ಕೆಲವು ಜಾಗದಲ್ಲಿ ಆಗೋದೇ ಇಲ್ಲ. ಉಕ್ಕು ಒಂದಿಷ್ಟು ದುಬಾರಿ ಆಗಬಹುದು. ಅದು ನಮ್ಮ ಟಿಕೆಟ್ಟಿನಲ್ಲೋ ಮನೆ ಬಾಡಿಗೆಯಲ್ಲೋ ಬರಬಹುದು. ಈಗ ಆ ವ್ಯತ್ಯಾಸವನ್ನು ಯಾರು ತುಂಬುತ್ತಿದ್ದಾರೆ ಅಂದರೆ, ಡಬ್ಬದ ಹೊರಗೆ ಬಿದ್ದವರು.

ಕಡೆಗೆ ಒಂದು ಪ್ರಯೋಗ, ಹಾಸ್ಟೆಲ್ ರೂಮಿನಲ್ಲೇ ಮಾಡುವಂಥದ್ದು. ಒಂದು ಲೀಟರಿನ ಎರಡು ನೀರಿನ ಬಾಟಲಿ ತಗೊಳ್ಳಿ. ಯಲಹಂಕದಲ್ಲಿ ಪಾಯ ತೆಗೆಯುವ ಸೈಟು ಎಲ್ಲಿ ಬೇಕಾದರೂ ಸಿಗುತ್ತೆ, ಅಲ್ಲಿಂದ ಒಂದೊಂದು ಹಿಡಿ ಕೆಂಪು ಜೇಡಿಮಣ್ಣು ಎರಡಕ್ಕೂ ಹಾಕಿ. ಒಂದಕ್ಕೆ ಮಾತ್ರ 35 ಗ್ರಾಂ ಉಪ್ಪು ಸೇರಿಸಿ, ಕಡಲ ನೀರಿನಷ್ಟು. ಎರಡನ್ನೂ ಚೆನ್ನಾಗಿ ಅಲ್ಲಾಡಿಸಿ ಕಿಟಕಿಯ ಮೇಲಿಟ್ಟು ಗಂಟೆಗೊಂದು ಫೋಟೋ ತೆಗೆಯಿರಿ. ಮರಳು ಎರಡರಲ್ಲೂ ಕೂಡಲೇ ಕೂರುತ್ತೆ. ಉಪ್ಪಿನ ಬಾಟಲಿ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತಾ ಬರುತ್ತೆ, ತಳದಲ್ಲಿ ಮೆತ್ತನೆ ಕೆಸರಿನ ಪದರ ಕಾಣುತ್ತೆ. ಚಿಪ್ಪಿಕಲ್ಲು ಆ ಪದರದ ಅಡಿ ಇರುತ್ತೆ ಅಂತ ಊಹಿಸಿಕೊಳ್ಳಿ. ಸಿಹಿನೀರಿನ ಬಾಟಲಿ ಮಾರನೇ ದಿನವೂ ಕೆಂಪಗೇ ಇರುತ್ತೆ. ಮಳೆಗಾಲದ ಅಳಿವೆ ಈ ಎರಡನೆಯದರ ಹಾಗೆ, ಬೇಸಿಗೆಯದು ಮೊದಲನೆಯದರ ಹಾಗೆ. ಫೋಟೋಗಳನ್ನು ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ರಜೆಯಲ್ಲಿ ಯಾರಾದರೂ ಯಶವಂತಪುರದಿಂದ ಕಾರವಾರದ ರೈಲು ಹತ್ತಿ ಕುಮಟಾದಲ್ಲಿ ಇಳಿಯುವವರಿದ್ದರೆ, ನೀರಿಳಿಯುವ ಸಮಯ ಮೊದಲೇ ನೋಡಿಕೊಂಡು ಹೋಗಿ. ಉಬ್ಬರದಲ್ಲಿ ಹೋದರೆ ಬರೀ ನೀರು ಕಾಣುತ್ತೆ.